ಉಶ್ಶಾಕಿನ ಎರಡನೆಯ ಸ್ವರ

ಸ್ಪರ್ಧೆಗೆ ಕಳಿಸಿದ ಸ್ವರಲಿಪಿಯಲ್ಲಿ ಅಚ್ಚಿನ ತಪ್ಪಿದೆ ಎಂದು ನಾಗಭೂಷಣ್ ಫೋನ್ ಮಾಡಿದಾಗ ಮುಬಶ್ಶಿರಾ ಪಿಟೀಲಿಗೆ ಹೊಸ ತಂತಿ ಕಟ್ಟುತ್ತಿದ್ದಳು. ನಾಗಭೂಷಣ್ ಹರಿಹರದಲ್ಲಿ ಕೀಬೋರ್ಡ್ ಕ್ಲಾಸು ನಡೆಸುವವನು, ಅಲ್ಲಿನ ತುಂಗಾತೀರ ಸಂಗೀತ ಬಳಗದ ಕಾರ್ಯದರ್ಶಿ. ಎಳೆಯರಿಗಾಗಿ ವರ್ಷಕ್ಕೊಮ್ಮೆ ನಡೆಸುವ ಸ್ಪರ್ಧೆಗೆ ಬಳಗ ಈ ಸಲ ಮುಕ್ತ ವಿಭಾಗವೊಂದನ್ನು ಸೇರಿಸಿತ್ತು. ಯಾವ ದೇಶದ ಸಂಗೀತವನ್ನಾದರೂ ನುಡಿಸಬಹುದು. ಆದರೆ ಅದರ ಸ್ವರಲಿಪಿಯನ್ನು ಮೊದಲೇ ಕೊಡಬೇಕು, ತೀರ್ಪುಗಾರರು ಅದನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ. ಮುಬಶ್ಶಿರಾ ತನ್ನ ಶಿಷ್ಯೆ ಸ್ನೇಹಾಳ ಹೆಸರು ಕೊಟ್ಟು, ಉಶ್ಶಾಕ್ ಎಂಬ ಟರ್ಕಿ ರಾಗದ ಒಂದು ರಚನೆಯನ್ನು ಕಳಿಸಿದ್ದಳು.

ಸಾಲುಸಾಲಿಗೂ ಸ್ವರ ಇಳಿಸುವ ಫ್ಲ್ಯಾಟ್ ಗುರುತು ಹಿಂದುಮುಂದಾಗಿ ಅಚ್ಚಾಗಿದೆ, ಆಫೀಸಿನಲ್ಲೇ ಸರಿಮಾಡಿಸಿಬಿಡುತ್ತೇನೆ ಎಂದ ನಾಗಭೂಷಣ್. ಅದು ತಪ್ಪಲ್ಲ, ಆ ಗುರುತಿನ ರೂಪವೇ ಹಾಗೆ ಎಂದು ಮುಬಶ್ಶಿರಾ ವಿವರಿಸಿದಳು. ನಮ್ಮ ಹಾರ್ಮೋನಿಯಂನಲ್ಲಿ ಎರಡು ಬಿಳಿ ಕೀಗಳ ನಡುವೆ ಹೆಚ್ಚೆಂದರೆ ಒಂದು ಕರಿ ಕೀ ಇರುತ್ತದೆ. ಟರ್ಕಿಯವರು ಅದೇ ಅಂತರವನ್ನು ಒಂಬತ್ತು ಪಾಲು ಮಾಡುತ್ತಾರೆ. ಒಂದು ಪಾಲಿಗೆ ಕೋಮಾ ಎಂದು ಹೆಸರು. ಎಷ್ಟು ಕೋಮಾ ಇಳಿಸಬೇಕು, ಎಷ್ಟು ಏರಿಸಬೇಕು ಎಂಬುದಕ್ಕೆ ಬೇರೆಬೇರೆ ಗುರುತುಗಳಿವೆ. ತಿರುಗಿಸಿ ಬರೆದ ಫ್ಲ್ಯಾಟ್ ಎಂದರೆ ಒಂದೇ ಒಂದು ಕೋಮಾ ಇಳಿಸು ಎಂದರ್ಥ.

“ಅಷ್ಟು ಸಣ್ಣ ವ್ಯತ್ಯಾಸ ಯಾರ ಕಿವಿಗೆ ಬೀಳ್ತದ್ರಿ ಮೇಡಂ?”

“ಬೀಳೋದು ಬಿಡೋದು ಕೇಳೋರಿಗೆ ಬಿಟ್ಟಿದ್ದು ಸರ್. ಗುರುತು ಮಾತ್ರ ತಿರುಗಿಸಬ್ಯಾಡ್ರಿ,” ಎಂದಳು ಮುಬಶ್ಶಿರಾ.

ಫೋನಿಟ್ಟ ಮೇಲೆ ಅವಳಿಗೆ ಸಮಾಧಾನವಾಗಲಿಲ್ಲ. ನಾಗಭೂಷಣನಿಗೆ ಹೇಳದೆ ಉಳಿದ ಮಾತೊಂದಿತ್ತು.

ಮುಬಶ್ಶಿರಾಳ ಅಪ್ಪ ಕುತುಬುದ್ದೀನ್ ಅವರದು ದಾವಣಗೆರೆಯ ಮಂಡಿಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ. ಕೆಳಗೆ ಹತ್ತಿ ಹಿಂಜುವ ಕೆಲಸ, ಮೇಲಿನ ಕೋಣೆಯಲ್ಲಿ ಅವಳ ಪಿಟೀಲು ಪಾಠ. ಗೋಡೆಯುದ್ದಕ್ಕೂ ಹತ್ತಿಯ ಮೂಟೆಗಳನ್ನು ಒಟ್ಟಿದ್ದರಿಂದ ಆ ಕೋಣೆಯಲ್ಲಿ ದನಿ ಮಾರ್ದನಿಗೊಳ್ಳುತ್ತಿರಲಿಲ್ಲ. ತಂತಿಯಿಂದ ಎದ್ದದ್ದು ಎದ್ದ ಹಾಗೆಯೇ ಕೇಳುತ್ತಿತ್ತು. ಅವಳು ಚಿಕ್ಕವಳಿದ್ದಾಗ ಭಾನುವಾರದ ಬೆಳಿಗ್ಗೆ ಅಪ್ಪ ಅವಳನ್ನು ಬಸ್ಸಿನಲ್ಲಿ ಹರಿಹರಕ್ಕೆ, ವಾಮದೇವಪ್ಪ ಮೇಷ್ಟ್ರ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಸಂಜೆಯಾದರೆ ವಚನ ಹಾಡುವವರ ಹಿಂದೆ ಪಿಟೀಲು ಹಿಡಿದು ಕೂರುವವರು. ಸುತ್ತಲ ಊರುಗಳಲ್ಲಿ ಅವರ ಪಿಟೀಲು ಕೇಳದ ಮಠವಿಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಅವರು ಪಾಠ ನಿಲ್ಲಿಸಿ ಸುಮ್ಮನೆ ಮುಖ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿಯೇ ಮುಬಶ್ಶಿರಾಳ ಶ್ರುತಿ ಗಟ್ಟಿಯಾಯಿತು.

ಉಶ್ಶಾಕ್ ಅವಳಿಗೆ ಸಿಕ್ಕಿದ್ದು ಫೋನಿನಲ್ಲಿ, ಏನನ್ನೋ ಹುಡುಕುತ್ತಿದ್ದಾಗ. ಮುದುಕನೊಬ್ಬ ನಮ್ಮ ಕೊಳಲಿನಂಥ ವಾದ್ಯ ಊದುತ್ತಿದ್ದ. ಷಡ್ಜದ ಮೇಲಿನ ಸ್ವರದಲ್ಲಿ ಅವನು ಪ್ರತಿ ಸಲವೂ ತಪ್ಪುತ್ತಿದ್ದಾನೆ ಎಂದು ಅವಳಿಗೆ ಎನ್ನಿಸಿತು. ನಮ್ಮ ಲೆಕ್ಕದಲ್ಲಿ ಅದು ರಿಷಭ. ಶುದ್ಧ ರಿಷಭಕ್ಕಿಂತ ಕೆಳಗೆ, ಕೋಮಲಕ್ಕಿಂತ ಮೇಲೆ ಬಂದು ಅದು ನಿಲ್ಲುತ್ತಿತ್ತು. ನಗುತ್ತಲೇ ಮತ್ತೆ ಮತ್ತೆ ಹಾಕಿ ಕೇಳಿದಳು. ಆಮೇಲೆ ನಗು ನಿಂತಿತು. ತಪ್ಪುವವರು ಪ್ರತಿ ಸಲವೂ ಒಂದೇ ಜಾಗದಲ್ಲಿ ತಪ್ಪುವುದಿಲ್ಲ. ಆ ಮುದುಕ ಅಲ್ಲಿಗೆ ಬೇಕೆಂದೇ ಹೋಗುತ್ತಿದ್ದ.

ಹಾಗೆ ಹುಡುಕುತ್ತಾ ಹೋಗಿ ಇಸ್ತಾಂಬುಲ್‌ನ ನೆರ್ಮಿನ್ ಹಾನಿಮ್ ಎಂಬ ಹಿರಿಯ ಪಿಟೀಲು ವಿದುಷಿಯ ಬಳಿ ಆನ್‌ಲೈನ್ ಪಾಠಕ್ಕೆ ಸೇರಿದಳು. ಇಬ್ಬರ ಇಂಗ್ಲಿಷೂ ಅರೆಬರೆ. ಸ್ವರ ಮಾತ್ರ ಪೂರ್ತಿ ತಲುಪುತ್ತಿತ್ತು. ನೆರ್ಮಿನ್ ಹಾನಿಮ್ ಮೊದಲೇ ಒಂದು ಮಾತು ಹೇಳಿದ್ದರು: ಉಶ್ಶಾಕಿನ ಎರಡನೆಯ ಸ್ವರವನ್ನು ಬರೆದ ಹಾಗೆ ನುಡಿಸಬೇಡ. ಪುಸ್ತಕದಲ್ಲಿ ಒಂದು ಕೋಮಾ ಇಳಿಸು ಎಂದಿರುತ್ತದೆ, ನಮ್ಮ ಕೈ ಇನ್ನೂ ಕೆಳಗೆ ಹೋಗುತ್ತದೆ. ಏರುವಾಗ ಎರಡರ ಹತ್ತಿರ, ಇಳಿಯುವಾಗ ಮೂರರ ಹತ್ತಿರ. ಹಾಗಾದರೆ ಹಾಗೆಯೇ ಯಾಕೆ ಬರೆಯುವುದಿಲ್ಲ ಎಂದು ಮುಬಶ್ಶಿರಾ ಕೇಳಿದಳು. ನಿಯಮ ಮಾಡಿದವರು ಒಂದು ಎಂದು ತೀರ್ಮಾನಿಸಿಬಿಟ್ಟರು, ಹಳ್ಳಿಯ ಹಾಡುಗಳನ್ನು ಬರೆಯುವವರು ಮಾತ್ರ ಫ್ಲ್ಯಾಟ್ ಗುರುತಿನ ತಲೆಯ ಮೇಲೆ ಎರಡು ಎಂಬ ಅಂಕಿ ಇಡುತ್ತಾರೆ ಎಂದರು ನೆರ್ಮಿನ್ ಹಾನಿಮ್.

ಸ್ನೇಹಾಳಿಗೆ ಮುಬಶ್ಶಿರಾ ಕಲಿಸಿದ್ದು ಕೈ ಹೋಗುವ ಜಾಗವನ್ನು. ಸ್ಪರ್ಧೆಗೆ ಕಳಿಸಿದ್ದು ಮಾತ್ರ ಪುಸ್ತಕದ ಕಾಗದವನ್ನು. ತಿರುಗಿಸಿದ ಫ್ಲ್ಯಾಟನ್ನೇ ಅಚ್ಚಿನ ತಪ್ಪು ಎನ್ನುವವರು ತಲೆಯ ಮೇಲೆ ಅಂಕಿ ಹೊತ್ತ ಫ್ಲ್ಯಾಟನ್ನು ನೋಡಿದರೆ, ಇದೆಲ್ಲ ನೀವೇ ಕಟ್ಟಿದ್ದು ಎಂದು ಅರ್ಜಿ ವಾಪಸು ಕಳಿಸುತ್ತಾರೆ ಎಂಬ ಅಂಜಿಕೆ. ನಾಗಭೂಷಣನೆದುರು ಗುರುತಿಗಾಗಿ ವಾದಿಸಿದವಳು ತಾನೇ ಆ ಗುರುತಿನ ಹಿಂದೆ ಅಡಗಿದ್ದಳು.

ಸ್ಪರ್ಧೆ ನಡೆದದ್ದು ಹರಿಹರದಲ್ಲಿ, ಹೊಳೆಯ ಕಡೆಗೆ ಬೆನ್ನು ಮಾಡಿದ ಒಂದು ಕಲ್ಯಾಣಮಂಟಪದಲ್ಲಿ. ತೀರ್ಪುಗಾರರ ಮೇಜಿನ ಹಿಂದೆ ವಾಮದೇವಪ್ಪ ಮೇಷ್ಟ್ರು, ಪಕ್ಕದಲ್ಲಿ ನಾಗಭೂಷಣ್. ಮೇಷ್ಟ್ರ ಕೈಯ ಹತ್ತಿರ, ನುಡಿಸುವವರನ್ನು ನಿಲ್ಲಿಸಲು ಒಂದು ಗಂಟೆ. ಸ್ನೇಹಾ ಕುಕ್ಕುವಾಡದ ಹುಡುಗಿ, ಪಿಯುಸಿ ಓದುತ್ತಿದ್ದಳು. ಅವಳನ್ನು ಪಾಠಕ್ಕೆ ಕರೆತರುತ್ತಿದ್ದ ಅಜ್ಜಿ ದ್ರಾಕ್ಷಾಯಣಮ್ಮ ಇಲ್ಲಿಗೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಸ್ನೇಹಾ ನುಡಿಸತೊಡಗಿದಳು. ಷಡ್ಜದಿಂದ ಮೆಲ್ಲಗೆ ಏರಿ ಆ ಸ್ವರದ ಮೇಲೆ ನಿಂತಳು. ಗಂಟೆ ಬಾರಿಸಿತು.

“ರಿಷಭ ನಿಲ್ತಾ ಇಲ್ಲವ್ವ. ಶ್ರುತಿ ನೋಡ್ಕೋ,” ಎಂದರು ಮೇಷ್ಟ್ರು, ಮೆತ್ತಗೇ.

ಸ್ನೇಹಾ ತಂತಿ ನೋಡಿಕೊಂಡಳು. ಸರಿಯಾಗಿತ್ತು. ಮತ್ತೆ ಮೊದಲಿಂದ ನುಡಿಸಿ ಅದೇ ಜಾಗದಲ್ಲಿ ನಿಂತಳು. ಗಂಟೆ ಮತ್ತೆ ಬಾರಿಸಿತು. ಈ ಸಲ ಮೇಷ್ಟ್ರು ಹುಡುಗಿಯನ್ನು ನೋಡಲಿಲ್ಲ. ಸಭೆಯಲ್ಲಿ ಮುಬಶ್ಶಿರಾ ಎಲ್ಲಿದ್ದಾಳೆಂದು ಹುಡುಕಿ, ಹಳೆಯ ಪಾಠದ ದಿನಗಳಂತೆ ಸುಮ್ಮನೆ ಅವಳ ಮುಖ ನೋಡಿದರು. ಆಮೇಲೆ, ಇದು ಕೋಮಲವೂ ಅಲ್ಲ ಶುದ್ಧವೂ ಅಲ್ಲ ಎಂದರು. ಮುಬಶ್ಶಿರಾ ಎದ್ದು ನಿಂತು, ಹೌದು, ಎರಡೂ ಅಲ್ಲ, ಅದರ ಜಾಗವೇ ಅದು ಎಂದಳು.

ನಾಗಭೂಷಣ್ ಕೆಟ್ಟವನಲ್ಲ. ಫೋನಿನಲ್ಲಿ ಮಾತಾಡಿದ ಮೇಲೆ ಅವನು ಕೋಮಾದ ವಿಷಯ ಅಲ್ಲಲ್ಲಿ ಓದಿಕೊಂಡು ಬಂದಿದ್ದ. ಶ್ರುತಿ ಅಳೆಯುವ ಆ್ಯಪ್ ತೆರೆದು ಫೋನನ್ನು ಸ್ನೇಹಾಳ ಪಿಟೀಲಿನ ಹತ್ತಿರ ಹಿಡಿದ, ಆ ಸ್ವರವನ್ನು ಮತ್ತೊಮ್ಮೆ ನುಡಿಸಲು ಹೇಳಿದ, ಪರದೆ ನೋಡಿದ. ಮೈಕಿನಲ್ಲೇ ಹೇಳಿದ: ಮೇಡಂ ಕೊಟ್ಟ ಕಾಗದದ ಪ್ರಕಾರ ಒಂದು ಪಾಲು ಇಳಿಯಬೇಕು. ಹುಡುಗಿ ಎರಡು ಪಾಲಿಗಿಂತ ಹೆಚ್ಚು ಇಳಿಸಿದ್ದಾಳೆ. ನಮ್ಮ ಲೆಕ್ಕಕ್ಕೂ ತಪ್ಪು, ಟರ್ಕಿಯವರ ಲೆಕ್ಕಕ್ಕೂ ತಪ್ಪು.

ಸಭೆಯಲ್ಲಿ ನಗು ಹರಿಯಿತು. ವೇದಿಕೆಯ ಮೇಲೆ ಸ್ನೇಹಾ ಕಮಾನನ್ನು ಎದೆಗವಚಿಕೊಂಡು ನಿಂತಿದ್ದಳು.

ಹೊಸ ತಂತಿ, ಇನ್ನೂ ಹದಕ್ಕೆ ಬಂದಿಲ್ಲ ಎನ್ನಬಹುದಿತ್ತು. ಹುಡುಗಿ ಹೆದರಿದ್ದಾಳೆ ಎನ್ನಬಹುದಿತ್ತು. ಎರಡೂ ಮಾತು ಮುಬಶ್ಶಿರಾಳ ನಾಲಿಗೆಯವರೆಗೆ ಬಂದವು. ಅವಳು ನಡೆದುಕೊಂಡು ಹೋಗಿ ತೀರ್ಪುಗಾರರ ಮೇಜಿನ ಮುಂದೆ ನಿಂತಳು.

“ಹುಡುಗಿ ತಪ್ಪಿಲ್ಲ. ಕಾಗದ ತಪ್ಪೈತೆ. ಕಾಗದ ಕೊಟ್ಟೋಳು ನಾನು,” ಎಂದಳು.

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಇಬ್ಬರ ಮುಂದಿದ್ದ ಪ್ರತಿಗಳಲ್ಲೂ ತಿರುಗಿಸಿದ ಫ್ಲ್ಯಾಟುಗಳ ತಲೆಯ ಮೇಲೆ ಎರಡು ಎಂಬ ಅಂಕಿ ಬರೆಯುತ್ತಾ ಹೋದಳು. ಕೊಟ್ಟ ಕಾಗದವನ್ನು ತಿದ್ದುವಂತಿಲ್ಲ, ಅದು ನಿಯಮ ಎಂದು ನಾಗಭೂಷಣ್ ಕಾಗದ ಎಳೆದುಕೊಂಡ. ಮೇಷ್ಟ್ರ ಮುಖ ಕೆಂಪಾಗಿತ್ತು.

“ನುಡಿಸಿದ್ದಕ್ಕೆ ತಕ್ಕಂಗೆ ಬರೀತಾ ಹೋದ್ರೆ ತಪ್ಪು ಅನ್ನೋದೇ ಇರಂಗಿಲ್ಲ ಮುಬಶ್ಶಿರಾ.”

“ದರ್ಬಾರಿ ರಾಗದ ಗಾಂಧಾರನ ನೀವು ನನಗೆ ಹೆಂಗೆ ಬರೆಸಿದ್ರಿ ಮೇಷ್ಟ್ರೆ? ಅಕ್ಷರದ ಕೆಳಗೊಂದು ಕೋಮಲದ ಗೆರೆ, ಅಷ್ಟೆ. ಆಮೇಲೆ ನೀವೇ ಅಂದ್ರಿ, ಗೆರೆ ನಂಬಬ್ಯಾಡ, ಇನ್ನೂ ಕೆಳಗೆ ಐತೆ ಅದು ಅಂತ.”

“ಅದಕ್ಕೆ ನಮ್ಮ ಹಿರೇರು ಸಾಕ್ಷಿ ಅದಾರೆ. ಇದಕ್ಕೆ ಯಾರವ್ವ ಸಾಕ್ಷಿ?”

“ಇವತ್ತಿಗೆ ನಾನು.”

ಗುರುವಿಗೆ ಹಾಗೆ ಎದುರುತ್ತರ ಕೊಟ್ಟವಳನ್ನು ಆ ಸಭೆ ಹಿಂದೆ ನೋಡಿರಲಿಲ್ಲ. ನಗು ನಿಂತುಹೋಯಿತು. ಕೊನೆಗೆ ನಾಗಭೂಷಣನೇ ದಾರಿ ಹುಡುಕಿದ. ಹುಡುಗಿ ಆ ಸ್ವರವನ್ನು ಶುದ್ಧ ರಿಷಭ ಮಾಡಿಕೊಂಡೋ ಕೋಮಲ ಮಾಡಿಕೊಂಡೋ ಇನ್ನೊಮ್ಮೆ ನುಡಿಸಲಿ, ಹೊಸದಾಗಿ ಅಂಕ ಕೊಡುತ್ತೇವೆ ಎಂದ. ಮುಬಶ್ಶಿರಾ ವೇದಿಕೆ ಹತ್ತಿ ಸ್ನೇಹಾಳ ಪಕ್ಕ ನಿಂತು, ಜಗಳ ನನ್ನದು, ನಿನ್ನದಲ್ಲ, ಹೇಗೆ ನುಡಿಸಿದರೂ ನನಗೆ ಬೇಜಾರಿಲ್ಲ ಎಂದು ಸಣ್ಣಗೆ ಹೇಳಿದಳು.

ಸ್ನೇಹಾ ಕಣ್ಣೊರೆಸಿಕೊಂಡಳು. ಪಿಟೀಲು ಎತ್ತಿ ಮೊದಲಿಂದ ಶುರುಮಾಡಿದಳು. ಏರುವಾಗ ಕಲಿತ ಜಾಗದಲ್ಲೇ ನಿಂತಳು. ಇಳಿಯುವಾಗ ಇನ್ನೂ ಕೆಳಗೆ ಹೋಗಿ, ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತು ಆ ಸ್ವರವನ್ನು ಹಿಡಿದುಕೊಂಡಳು. ಮೇಷ್ಟ್ರ ಕೈ ಗಂಟೆಯ ಮೇಲಿತ್ತು, ಆದರೆ ಬಾರಿಸಲಿಲ್ಲ. ನುಡಿಸಿ ಮುಗಿದಾಗ ದ್ರಾಕ್ಷಾಯಣಮ್ಮ ಒಬ್ಬರೇ ಚಪ್ಪಾಳೆ ತಟ್ಟಿದರು. ಫಲಿತಾಂಶ ಓದುವಾಗ ನಾಗಭೂಷಣ್, ಸ್ವರಲಿಪಿಗೆ ಹೊಂದದ ಕಾರಣ ಈ ಸ್ಪರ್ಧಿಯನ್ನು ಪರಿಗಣಿಸಿಲ್ಲ ಎಂದ.

ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಕಾಯುತ್ತಾ ನಿಂತಿದ್ದರು. ದಾವಣಗೆರೆ ಬಸ್ಸು ಬರುವ ಹೊತ್ತಿಗೆ ದ್ರಾಕ್ಷಾಯಣಮ್ಮ ಕೇಳಿದರು, “ನನಗೆ ಸಂಗೀತ ತಿಳಿಯಂಗಿಲ್ಲ ಟೀಚರಮ್ಮ. ನೀವು ಹುಡುಗಿಗೆ ಕಲ್ಸಿರೋದು ಸರಿ ಐತೋ ಇಲ್ಲೋ, ಅಷ್ಟು ಹೇಳ್ರಿ.”

“ಸರಿ ಐತಮ್ಮ.”

“ಹಂಗಾರೆ ಭಾನುವಾರ ಬರ್ತೀವಿ.”

ಎಲ್ಲರೂ ದ್ರಾಕ್ಷಾಯಣಮ್ಮನಂತೆ ಇರಲಿಲ್ಲ. ಸಭೆಯಲ್ಲಿ ಯಾರೋ ತೆಗೆದ ವಿಡಿಯೋ ‘ಬೇಸೂರ್ ಟೀಚರ್’, ಎಂದರೆ ಅಪಸ್ವರದ ಟೀಚರ್, ಎಂಬ ಹೆಸರು ಹೊತ್ತು ವಾಟ್ಸಾಪ್‌ನಲ್ಲಿ ಊರೆಲ್ಲ ತಿರುಗಿತು. ಪರೀಕ್ಷೆ ಹತ್ತಿರ ಬಂತು ಎಂದು ಕೆಲವರು ಮಕ್ಕಳನ್ನು ಪಾಠ ಬಿಡಿಸಿದರು. ಹಾಸಿಗೆ ಹೊಲಿಸಲು ಬಂದವರು ಕುತುಬುದ್ದೀನ್ ಅವರನ್ನು ಮಗಳ ವಿಷಯ ಕೇಳತೊಡಗಿದರು. ಅವರು ಮಗಳನ್ನು ಕೂರಿಸಿಕೊಂಡು, ಹರಿಹರಕ್ಕೆ ಹೋಗಿ ಮೇಷ್ಟ್ರ ಕ್ಷಮೆ ಕೇಳು ಎಂದರು. ತುಂಬಿದ ಸಭೆಯಲ್ಲಿ ಎದುರಾಡಿದ್ದಕ್ಕೆ ಕೇಳುತ್ತೇನೆ, ಸ್ವರಕ್ಕೆ ಕೇಳುವುದಿಲ್ಲ ಎಂದಳು. ಎರಡನ್ನೂ ಬಿಡಿಸಿ ಹೇಳಿದರೆ ಅದು ಕ್ಷಮೆಯಾಗುವುದಿಲ್ಲ ಎಂದರು ಅಪ್ಪ. ಹಾಗಿದ್ದರೆ ಹೋಗುವುದೇ ಇಲ್ಲ ಎಂದು ಅವಳು ಮೇಲಿನ ಕೋಣೆಗೆ ನಡೆದಳು.

ನೆರ್ಮಿನ್ ಹಾನಿಮ್ ಆದರೂ ತನ್ನ ಪರ ನಿಲ್ಲುತ್ತಾರೆ, ಅವರದೊಂದು ಮಾತಿದ್ದರೆ ಬಳಗದವರ ಬಾಯಿ ಕಟ್ಟಬಹುದು ಎಂದುಕೊಂಡಿದ್ದಳು. ಮುಂದಿನ ಪಾಠದಲ್ಲಿ ಅವರು ಎಲ್ಲವನ್ನೂ ಕೇಳಿಸಿಕೊಂಡರು. ನಿನ್ನ ಹುಡುಗಿ ನಮ್ಮಲ್ಲಿ ಪರೀಕ್ಷೆಗೆ ಕೂತಿದ್ದರೂ ಕೆಲವರು ಅವಳ ಅಂಕ ಕಳೆಯುತ್ತಿದ್ದರು ಎಂದರು. ತಾವು ಓದುವಾಗ ಹಾಗೆಯೇ ಆಯಿತಂತೆ. ಆಮೇಲೆ ಪರೀಕ್ಷೆಯಲ್ಲಿ ಪುಸ್ತಕದಂತೆ, ಮನೆಯಲ್ಲಿ ಕಿವಿ ಹೇಳಿದಂತೆ ನುಡಿಸುವುದನ್ನು ರೂಢಿ ಮಾಡಿಕೊಂಡರಂತೆ.

“ನಾನು ಹಾಗೆ ಮಾಡಿದೆ. ನಿನ್ನ ಹುಡುಗಿ ಮಾಡಲಿಲ್ಲ,” ಎಂದರು.

ಮುಬಶ್ಶಿರಾ ಆ ದಿನ ಬೇರೆ ಪಾಠಗಳನ್ನೆಲ್ಲ ನಿಲ್ಲಿಸಿ ರಚನೆಯನ್ನು ಹೊಸದಾಗಿ ಬರೆಯಲು ಕೂತಳು. ಪುಸ್ತಕ ಮುಚ್ಚಿಟ್ಟು ಪಿಟೀಲನ್ನು ಮಡಿಲಲ್ಲಿಟ್ಟುಕೊಂಡಳು. ಒಂದೊಂದು ಸಾಲನ್ನೂ ನುಡಿಸಿ, ಕಿವಿಗೆ ಬಿದ್ದದ್ದನ್ನು ಬರೆದಳು. ಏರುವ ಕಡೆ ತಿರುಗಿಸಿದ ಫ್ಲ್ಯಾಟಿನ ಮೇಲೆ ಎರಡು, ಇಳಿಯುವ ಕಡೆ ಮೂರು. ಸ್ವರ ಎಲ್ಲಿಯೂ ನಿಲ್ಲದೆ ಜಾರುವ ಕಡೆ ಒಂದು ಸಣ್ಣ ಬಾಣ. ಇದಕ್ಕೆ ಯಾವ ಪುಸ್ತಕದ ಒಪ್ಪಿಗೆಯೂ ಇರಲಿಲ್ಲ. ತಪ್ಪಿದ್ದರೆ ಅದು ತನ್ನದೇ ತಪ್ಪು ಎಂದು ಗೊತ್ತಿದ್ದೇ ಬರೆದಳು.

ಬರೆದದ್ದನ್ನು ಬೀರುವಿನಲ್ಲಿಡಲಿಲ್ಲ. ಪಿ.ಬಿ. ರಸ್ತೆಯ ಒಂದು ಫ್ಲೆಕ್ಸ್ ಅಂಗಡಿಗೆ ಒಯ್ದು, ಇದನ್ನು ಆಳೆತ್ತರಕ್ಕೆ ಅಚ್ಚು ಹಾಕಿಕೊಡಿ ಎಂದಳು. ಹುಟ್ಟುಹಬ್ಬದ ಶುಭಾಶಯಗಳನ್ನೂ ಶ್ರದ್ಧಾಂಜಲಿಗಳನ್ನೂ ಅಚ್ಚು ಹಾಕುತ್ತಿದ್ದ ಅಂಗಡಿಯವನು ಫೋಟೋ ಎಲ್ಲಿ ಎಂದು ಕೇಳಿದ. ಫೋಟೋ ಇಲ್ಲ, ಇಷ್ಟೇ ಎಂದಳು. ಮೇಲ್ಗಡೆ ಹೀಗೆ ಬರೆಸಿದಳು: ‘ನಮ್ಮ ಹುಡುಗಿ ನುಡಿಸಿದ್ದು ಇದು. ಬೇಸೂರೋ ಅಲ್ಲವೋ ನೀವೇ ಬಂದು ಕೇಳಿ. ಭಾನುವಾರ ಬೆಳಿಗ್ಗೆ, ಮಹಡಿಯ ಮೇಲೆ.’

ಫ್ಲೆಕ್ಸ್ ನೋಡಿದ ಕುತುಬುದ್ದೀನ್, ಇದನ್ನು ಅಂಗಡಿಯ ಮೇಲೆ ಕಟ್ಟಿದರೆ ಊರಿಗೆ ಊರೇ ನಗುತ್ತದೆ ಎಂದರು. ಈಗಲೂ ನಗುತ್ತಿದೆಯಲ್ಲ ಎಂದಳು ಮಗಳು. ಅವರು ಏಣಿ ತಂದರು. ಹಾಸಿಗೆ, ದಿಂಬು, ಸೋಫಾ ಕವರ್ ಎಂದು ಬರೆದಿದ್ದ ತಮ್ಮ ಬೋರ್ಡಿನ ಪಕ್ಕದಲ್ಲಿ ಜಾಗ ಸಾಲದೆ, ಬೋರ್ಡಿನ ಮೇಲೆಯೇ ಫ್ಲೆಕ್ಸ್ ಕಟ್ಟಿ ಕೆಳಗಿಳಿದರು.

ಭಾನುವಾರ ಜನ ಬಂದರು. ಉಳಿದಿದ್ದ ಶಿಷ್ಯರು, ಮಂಡಿಯ ಹಮಾಲರು, ದ್ರಾಕ್ಷಾಯಣಮ್ಮನ ಜೊತೆ ಕುಕ್ಕುವಾಡದ ಕೆಲವು ಹೆಂಗಸರು. ಮತ್ತೊಂದು ವಿಡಿಯೋ ಸಿಗುತ್ತದೆಂದು ಫೋನ್ ಹಿಡಿದು ಬಂದವರೂ ಇದ್ದರು. ಎಲ್ಲರೂ ಹತ್ತಿಯ ಮೂಟೆಗಳಿಗೆ ಒರಗಿ ಕೂತರು. ಕೀಬೋರ್ಡ್ ಇರಲಿಲ್ಲ, ಹಾರ್ಮೋನಿಯಂ ಇರಲಿಲ್ಲ, ಶ್ರುತಿಪೆಟ್ಟಿಗೆಯ ಷಡ್ಜ ಒಂದೇ. ಇನ್ನೇನು ಶುರುಮಾಡಬೇಕು ಎನ್ನುವಾಗ ಮೆಟ್ಟಿಲ ಮೇಲೆ ನಿಧಾನವಾಗಿ ಹೆಜ್ಜೆ ಸದ್ದಾಯಿತು. ವಾಮದೇವಪ್ಪ ಮೇಷ್ಟ್ರು ಬಂದರು. ಮುಬಶ್ಶಿರಾ ಎದ್ದು, “ಬರ್ರಿ ಮೇಷ್ಟ್ರೆ, ಕೂಡ್ರಿ,” ಎಂದಳು. ಅವರು ಮಡಿಸಿಟ್ಟ ಹಾಸಿಗೆಯೊಂದರ ಮೇಲೆ ಕೂತರು.

ಸ್ನೇಹಾ ನುಡಿಸಿದಳು. ಆಮೇಲೆ ಮುಬಶ್ಶಿರಾ ನುಡಿಸಿದಳು. ಆ ಸ್ವರವನ್ನು ಒಮ್ಮೆ ಪುಸ್ತಕದಂತೆ, ಒಮ್ಮೆ ತಾನು ಬರೆದಂತೆ ನುಡಿಸಿ, ಯಾವುದು ಹಿಡಿಸಿತು ಎಂದು ಯಾರನ್ನೂ ಕೇಳದೆ ಮುಂದೆ ಹೋದಳು. ಫೋನ್ ಹಿಡಿದು ಬಂದವರಲ್ಲಿ ಒಬ್ಬಿಬ್ಬರು ಬೇಸರವಾಗಿ ಎದ್ದು ಹೋದರು, ಉಳಿದವರು ಕೂತು ಕೇಳಿದರು. ಮುಗಿದ ಮೇಲೆ ಮೇಷ್ಟ್ರು ಕೈ ಚಾಚಿದರು. ಅವಳು ತನ್ನ ಪಿಟೀಲನ್ನು ಅವರಿಗೆ ಕೊಟ್ಟಳು.

ಅವರು ಷಡ್ಜ ಹಿಡಿದು ಮೇಲೆ ಹೋದರು. ಬೆರಳು ತಾನಾಗಿ ಶುದ್ಧ ರಿಷಭಕ್ಕೆ ಹೋಗಿ ಕೂತಿತು. ತಲೆಯಾಡಿಸಿ ಮತ್ತೆ ಹೊರಟರು, ಕೋಮಲಕ್ಕೆ ಬಿತ್ತು. ಆಯಸ್ಸಿನುದ್ದಕ್ಕೂ ಆ ಎರಡು ಮನೆ ಬಿಟ್ಟು ಬೇರೆಲ್ಲೂ ತಂಗದ ಬೆರಳು ಅದು. ಇನ್ನಷ್ಟು ಸಲ ನೋಡಿ ಅವರು ಪಿಟೀಲು ಕೆಳಗಿಟ್ಟು ಎದ್ದರು. ಮುಬಶ್ಶಿರಾ ಆಟೋದವರೆಗೂ ಹಿಂದೆ ಹೋದಳು.

“ನಿನ್ನ ಮಾತು ನಾನು ಒಪ್ಪಿಲ್ಲ,” ಎಂದರು ಮೇಷ್ಟ್ರು, ಆಟೋದೊಳಗೆ ಕೂತು.

“ಗೊತ್ತು ಮೇಷ್ಟ್ರೆ. ಒಪ್ರಿ ಅಂತ ನಾನೂ ಕೇಳಿಲ್ಲ.”

ಮುಂದಿನ ವರ್ಷದ ಸ್ಪರ್ಧೆಯಲ್ಲಿ ಮುಕ್ತ ವಿಭಾಗ ಇರುವುದಿಲ್ಲ ಎಂದು ಬಳಗ ತಿಳಿಸಿತು. ಮುಬಶ್ಶಿರಾ ಅದನ್ನು ಓದಿ, ಭಾನುವಾರ ಬೆಳಿಗ್ಗೆ ಕೂತು ಕೇಳುವ ಬೈಠಕ್ಕನ್ನು ಪ್ರತಿ ವಾರ ನಡೆಸುವುದಾಗಿ ಫ್ಲೆಕ್ಸಿನ ಮೇಲೆ ಮಾರ್ಕರ್‌ನಲ್ಲಿ ಬರೆದಳು. ಪಾಠ ಬಿಟ್ಟ ಮಕ್ಕಳಲ್ಲಿ ಕೆಲವರು ಬರಲೇ ಇಲ್ಲ. ನಂದಿಗುಡಿಯಿಂದ ಇಬ್ಬರು ಹೊಸಬರು ಬಂದು ಸೇರಿದರು.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ವಾಮದೇವಪ್ಪ ಮೇಷ್ಟ್ರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಅವರ ಪಿಟೀಲು ಅವರ ಕೈಯಲ್ಲೇ ಇತ್ತು. ಕೂತು ಶ್ರುತಿ ಮಾಡಿಕೊಂಡು ಷಡ್ಜದಿಂದ ಹೊರಟರು. ಬೆರಳು ಅಲ್ಲಿಗೆ ಹೋಗಿ ನಿಂತಿತು. ಸ್ನೇಹಾ ತಟ್ಟನೆ ಟೀಚರ್ ಮುಖ ನೋಡಿದಳು. ಮುಬಶ್ಶಿರಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಣ್ಣು ತೆರೆದವಳು ಗುರುವಿಗೆ ನಮಸ್ಕಾರ ಮಾಡಿದಳು. ಆಮೇಲೆ, ಏರುವಾಗ ಅದು ತುಸು ಹೆಚ್ಚೇ ಇಳಿಯಿತು ಎಂದಳು.

ಮೇಷ್ಟ್ರು ಕಮಾನು ಕೆಳಗಿಟ್ಟರು. ಸ್ನೇಹಾಳ ಮುಂದಿದ್ದ ಸ್ವರಲಿಪಿಯನ್ನು ಎಳೆದುಕೊಂಡು ಕನ್ನಡಕ ಏರಿಸಿ ನೋಡಿದರು. ಜೇಬಿನಿಂದ ಪೆನ್ನು ತೆಗೆದು, ಏರುವ ಸಾಲಿನಲ್ಲಿದ್ದ ಎರಡನ್ನು ಹೊಡೆದುಹಾಕಿ ಅದರ ಪಕ್ಕದಲ್ಲಿ ಮೂರು ಎಂದು ಬರೆದರು.

“ಏರುವಾಗಲೂ ಮೂರೇ ಐತೆ. ನೀನು ಕೇಳಿಸ್ಕೊಂಡಿದ್ದು ತಪ್ಪು.”

“ಎರಡು ಮೇಷ್ಟ್ರೆ. ಮೂರು ಇಳಿಯುವಾಗ.”

“ಮೂರು.”

ಮುಬಶ್ಶಿರಾ ಪೆನ್ನಿಗೆ ಕೈ ಚಾಚಿದಳು. ಮೇಷ್ಟ್ರು ಅದನ್ನು ಜೇಬಿಗೆ ಹಾಕಿಕೊಂಡರು. ಅವಳು ಕೆಳಗಿಳಿದು, ಅಪ್ಪನ ಗಲ್ಲಾದ ಮೇಲಿಂದ ಇನ್ನೊಂದು ಪೆನ್ನು ತಂದಳು.